ಬುಗುರಿಯೂ ಬೋರಲು ಬುಟ್ಟಿಯೂ

ಮಾರುಕಟ್ಟೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬುಗುರಿ ಎಂದೇ. ಹೆಸರಿಟ್ಟದ್ದು ಅವಳಪ್ಪ. ಮಗು ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಮೀನಿನ ಬುಟ್ಟಿಗಳ ನಡುವೆ ಗಿರಗಿರ ಸುತ್ತಿ ಕೊನೆಗೆ ಯಾರದೋ ಮಂಜುಗಡ್ಡೆ ಪೆಟ್ಟಿಗೆಗೆ ಢಿಕ್ಕಿ ಹೊಡೆದು ಉರುಳುತ್ತದೆ. ಬುಗುರಿ ಅನ್ನದೆ ಇನ್ನೇನನ್ನಬೇಕು? ಅಪ್ಪ ಹೋಗಿ ಕಾಲವಾಯಿತು. ಮಗಳ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ. ಸುತ್ತುವುದು ಮಾತ್ರ ನಿಂತಿಲ್ಲ.

ಅಪ್ಪನ ಮೀನಿನ ಹಲಗೆ ಅಕ್ಕನ ಪಾಲಿಗೆ ಬಂತು. ತಂಗಿಯೂ ಪಕ್ಕದಲ್ಲಿ ಕೂತು ನೋಡಿದಳು. ಗಿರಾಕಿ ಮೀನಿನ ಕಿವಿರು ಎತ್ತಿ ನೋಡುವಷ್ಟರಲ್ಲಿ ಇವಳು ಎದ್ದು ತರಕಾರಿ ಸಾಲು ಮುಟ್ಟಿ ಬರುತ್ತಿದ್ದಳು. ಆಮೇಲೆ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿದಳು, ಬಸ್ ನಿಲ್ದಾಣದ ಗೂಡಿನಲ್ಲಿ ಟಿಕೆಟ್ ಹರಿದಳು, ಯಾರದೋ ಮನೆಯಲ್ಲಿ ಮುದುಕಿಯೊಬ್ಬಳಿಗೆ ಜೊತೆ ಕೂತಳು. ಕೂರುವ ಕೆಲಸ ಅಂದರೆ ಮೈಮೇಲೆ ಇರುವೆ ಬಿಟ್ಟಹಾಗೆ. ಮದುವೆಯೂ ಆಗಿತ್ತು, ಅದರಲ್ಲೂ ಹೆಚ್ಚು ಹೊತ್ತು ಕೂರಲಿಲ್ಲ.

ಇಂಥವಳಿಗೆ ತಕ್ಕ ಕೆಲಸ ಅಂತ ಕೊನೆಗೂ ಸಿಕ್ಕಿದ್ದು ನಡಿಗೆಯ ಕೆಲಸ. ಊರು ನೋಡಲು ಬಂದವರನ್ನು ಗುಂಪು ಕಟ್ಟಿಕೊಂಡು ಮಾರುಕಟ್ಟೆಯೊಳಗೆ ಸುತ್ತಿಸುವುದು. ಹಿಂದೆ ಪ್ರವಾಸ ಹೊರಟವರು ಅರಮನೆ ನೋಡುತ್ತಿದ್ದರು, ಸಮುದ್ರ ನೋಡುತ್ತಿದ್ದರು. ಈಗ ಅವರಿಗೆ ಅದೆಲ್ಲ ಸಾಲದು. ಬೇರೆಯವರು ಈರುಳ್ಳಿ ಕೊಳ್ಳುವುದನ್ನು ನೋಡಬೇಕು. ತಮ್ಮೂರಿನ ಮಾರುಕಟ್ಟೆ ಎದುರಾದರೆ ಮೂಗು ಹಿಡಿದು ಕಾರಿನ ಗಾಜು ಏರಿಸುವವರೇ ಇನ್ನೊಬ್ಬರ ಊರಿನಲ್ಲಿ ಅದೇ ವಾಸನೆಯನ್ನು ಎದೆತುಂಬ ಎಳೆದುಕೊಂಡು ‘ಎಂಥ ಜೀವಕಳೆ’ ಅನ್ನುತ್ತಾರೆ. ಹಣ್ಣಿನವನು ಹೋಳು ಮಾಡಿ ಕೊಟ್ಟದ್ದನ್ನು ತಿನ್ನುತ್ತಾರೆ, ಬೆರಳು ಚೀಪುತ್ತಾರೆ, ಹೊಗಳುತ್ತಾರೆ, ಮುಂದೆ ಹೋಗುತ್ತಾರೆ. ಅವರು ಅಡ್ಡ ನಿಂತಷ್ಟು ಹೊತ್ತೂ ಅವರ ಬೆನ್ನ ಹಿಂದೆ ಮನೆಗೆ ಹಣ್ಣು ಒಯ್ಯಬೇಕಾದ ಹೆಂಗಸು ಚೀಲ ಹಿಡಿದು ಎಡಕ್ಕೂ ಬಲಕ್ಕೂ ಇಣುಕುತ್ತಿರುತ್ತಾಳೆ. ಅವಳ ಫೋಟೋ ಯಾರೂ ತೆಗೆಯುವುದಿಲ್ಲ. ಅವಳು ಬರೀ ಗಿರಾಕಿ.

ಬುಗುರಿಗೆ ಇದು ಕಾಣುತ್ತಿರಲಿಲ್ಲ ಅಂತಲ್ಲ. ಕಂಡರೂ ಕಾಲು ನಡೆಯುತ್ತಿತ್ತಲ್ಲ, ಅದೇ ಸುಖ. ಬೆಳಗ್ಗೆ ಹೂವಿನ ಬಾಗಿಲಲ್ಲಿ ಗುಂಪು ಹಿಡಿದಳೆಂದರೆ ಸೊಪ್ಪು, ತರಕಾರಿ, ಮೀನು, ಹಣ್ಣು, ಪಾತ್ರೆ, ಹಳೇ ಬಟ್ಟೆ, ಕೊನೆಗೆ ಟೀ ಅಂಗಡಿ. ಕೂರುವುದು ಅಲ್ಲೊಂದು ಕಡೆ, ಅದೂ ಬೆಂಚಿನ ತುದಿಯಲ್ಲಿ ಅರ್ಧ ಕುಂಡೆ ಊರಿ.

ಅವಳ ನಡಿಗೆಗೆ ಹೆಸರು ತಂದದ್ದು ಮೀನಿನ ಸಾಲಿನ ಬುಟ್ಟಿ.

ಆ ಸಾಲಿನಲ್ಲಿ ಒಂದು ಕಟ್ಟಳೆ ಇದೆ. ಮಾರುವವಳು ಎದ್ದು ಹೋಗಬೇಕಾದರೆ ಖಾಲಿ ಬುಟ್ಟಿಯೊಂದನ್ನು ಹಲಗೆಯ ಮೂಲೆಯಲ್ಲಿ ಬೋರಲು ಹಾಕಿ ಹೋಗುತ್ತಾಳೆ. ಬೋರಲು ಬುಟ್ಟಿ ಅಂದರೆ, ನಾನಿಲ್ಲ, ನನ್ನ ಗಿರಾಕಿಯನ್ನು ನೀವು ನೋಡಿಕೊಳ್ಳಿ. ಪಕ್ಕದವಳು ತನ್ನ ವ್ಯಾಪಾರ ನಿಲ್ಲಿಸಿಯಾದರೂ ಬಂದು ಇವಳ ಮೀನು ತೂಗಿ, ಹೆಚ್ಚಿ ಕೊಡಬೇಕು. ಬುಟ್ಟಿ ನೆಟ್ಟಗಿದ್ದರೆ, ಇಲ್ಲೇ ಇದ್ದೇನೆ, ಈಗ ಬಂದೆ, ಯಾರೂ ಕೈ ಹಾಕಬೇಡಿ. ಆಗ ಪಕ್ಕದವಳು ಆ ಮೀನಿನ ಮೇಲೆ ಕೂತ ನೊಣವನ್ನೂ ಓಡಿಸುವುದಿಲ್ಲ. ಹಿಂದೆ ಗಿರಾಕಿಗಾಗಿ ಜುಟ್ಟು ಜುಟ್ಟು ಹಿಡಿದು ಹೊಡೆದಾಡಿದ ಸಾಲು ಅದು. ಆ ಜಗಳಗಳನ್ನೆಲ್ಲ ಒಂದು ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದರು.

ನಡಿಗೆ ಕಂಪನಿಯ ಮೇನೇಜರು ಈ ಕಥೆ ಕೇಳಿದ್ದೇ ಕುರ್ಚಿಯಿಂದ ಮುಂದಕ್ಕೆ ಜರುಗಿದ. ‘ಇದನ್ನ ಮಾಡಿ ತೋರಿಸಿ ಮೇಡಂ, ಬರೀ ಹೇಳ್ಬೇಡಿ’ ಅಂದ. ಅಂದಿನಿಂದ ಬುಗುರಿ ದಿನಾ ಅಕ್ಕನ ಹಲಗೆಯ ಮುಂದೆ ಗುಂಪು ನಿಲ್ಲಿಸಿ ಬುಟ್ಟಿ ತಿರುಗಿಸುವುದಕ್ಕೆ ಶುರುಮಾಡಿದಳು. ಹೀಗಿದ್ರೆ ನಾನಿದ್ದೀನಿ, ಹೀಗಿದ್ರೆ ನಾನಿಲ್ಲ. ಇದ್ದೀನಿ, ಇಲ್ಲ. ಜನ ನಗುತ್ತಿದ್ದರು. ಹಲಗೆಯ ಹಿಂದೆ ಕೂತ ಅಕ್ಕನೂ ಒಂದಿಷ್ಟು ನಕ್ಕು, ಗುಂಪು ಅತ್ತ ಹೋದಮೇಲೆ ಬುಟ್ಟಿಯನ್ನು ಇರಬೇಕಾದ ಹಾಗೆ ಇಟ್ಟುಕೊಳ್ಳುತ್ತಿದ್ದಳು.

ಆವತ್ತು ಬೆಳಗ್ಗೆ ಅಕ್ಕ ಮಂಜುಗಡ್ಡೆ ಕುಟ್ಟುತ್ತಲೇ ಕೇಳಿದಳು.

“ಇವತ್ತೊಂದು ಬೆಳಗ್ಗೆ ನೀನು ಕೂರ್ತೀಯೇನೇ? ನಿಮ್ಮ ಭಾವನ ಕಣ್ಣಿನ ಪಟ್ಟಿ ಬಿಚ್ತಾರಂತೆ. ಮನೆಯವರು ಜೊತೇಲಿರ್ಬೇಕು ಅಂದಿದಾರೆ ಡಾಕ್ಟ್ರು.”

“ಗುಂಪು ಬರುತ್ತಲ್ಲಕ್ಕ.”

“ಗಡಿಯಾರದಣ್ಣ ಬರೋ ಹೊತ್ತೂ ಅದೇ.”

ಗಡಿಯಾರದಣ್ಣ ಅಂದರೆ ದೊಡ್ಡಾಸ್ಪತ್ರೆಯ ಕ್ಯಾಂಟೀನಿನ ಅಡಿಗೆಯವನು. ಹೊತ್ತಿಗೆ ಸರಿಯಾಗಿ ಬರುತ್ತಾನೆ, ಹೊತ್ತಿಗೆ ಸರಿಯಾಗಿ ಹೋಗುತ್ತಾನೆ. ಅವನನ್ನು ನೋಡಿ ಚಹಾದವನು ಒಲೆ ಹಚ್ಚುತ್ತಾನೆ ಅಂತ ತಮಾಷೆಯಿತ್ತು. ಅಕ್ಕನ ಹಲಗೆಯ ಮೇಲಿನ ಮೀನಿನಲ್ಲಿ ಹೆಚ್ಚಿನ ಪಾಲು ಅವನ ಕೈಗಾಡಿಗೇ ಹೋಗುವುದು. ಮುಂಬಾಗಿಲ ಹತ್ತಿರ ಹೊಸದಾಗಿ ಎದ್ದ, ಗಾಜಿನ ಪೆಟ್ಟಿಗೆಯಲ್ಲಿ ಮೀನಿಟ್ಟು ಮಾರುವ ಗಾಜಿನಂಗಡಿಯವರು ಅವನ ಮೇಲೆ ಕಣ್ಣಿಟ್ಟು ಕೂತಿದ್ದರು. ಹಾದುಹೋಗುವಾಗಲೆಲ್ಲ ‘ಅಣ್ಣ, ಒಂದ್ಸಲ ನಮ್ಮದೂ ನೋಡಿ’ ಅನ್ನುತ್ತಿದ್ದರು. ಅವನು ಅಷ್ಟು ಸುಲಭಕ್ಕೆ ಅಂಗಡಿ ಬದಲಿಸುವವನಲ್ಲ. ಬದಲಿಸಿದರೆ ತಿರುಗಿ ನೋಡುವವನೂ ಅಲ್ಲ.

“ಅವನೊಬ್ಬ ಕೈಬಿಟ್ರೆ ಈ ಹಲಗೆ ಇಟ್ಕೊಂಡು ನಾನೇನು ಮಾಡ್ಲಿ?” ಅಂದಳು ಅಕ್ಕ. “ಬಿಡಿ ಗಿರಾಕಿ ನಂಬ್ಕೊಂಡು ಮಂಜುಗಡ್ಡೆ ಕೊಳ್ಳೋಕೂ ಆಗಲ್ಲ. ಹಲಗೆ ತೊಳೆದು ಗೋಡೆಗೆ ಒರಗಿಸೋದೇ.”

“ಬುಟ್ಟಿ ಬೋರಲು ಹಾಕಿ ಹೋಗು. ಪಕ್ಕದ ಸೀಗಡಿ ಚಿಕ್ಕಮ್ಮ ನೋಡ್ಕೋತಾಳೆ.”

“ನಾನು ಕೇಳಿದ್ದು ನಿನ್ನನ್ನ.”

“ಕೂತ್ರೆ ನನಗೆ ಉಸಿರು ಕಟ್ಟುತ್ತೆ, ಗೊತ್ತಲ್ಲ ನಿಂಗೆ.”

“ಗೊತ್ತಮ್ಮ, ಗೊತ್ತು,” ಅಂದಳು ಅಕ್ಕ. “ಅಮ್ಮನ ಹೊಟ್ಟೇಲೇ ತಿಂಗಳು ತುಂಬೋತನಕ ಕೂರಲಿಲ್ಲ ನೀನು. ಹೋಗು.”

ಅಕ್ಕನ ಹಲಗೆ ಸಾಲಿನ ಕೊನೆಯದು. ಒಂದು ಪಕ್ಕ ಕಬ್ಬಿಣದ ಕಂಬ, ಇನ್ನೊಂದು ಪಕ್ಕ ಸೀಗಡಿ ಚಿಕ್ಕಮ್ಮ. ಅಕ್ಕ ಹೊರಡುವ ಹೊತ್ತಿಗೆ ಸೀಗಡಿ ಚಿಕ್ಕಮ್ಮ ಮಂಜುಗಡ್ಡೆ ತರಲು ಹಿಂಬಾಗಿಲಿಗೆ ಹೋಗಿದ್ದಳು. ಅಕ್ಕ ಕಾದು ನಿಲ್ಲಲಿಲ್ಲ. ಯಾಕೆ ಕಾಯಬೇಕು? ಬಾಯಿಬಿಟ್ಟು ಹೇಳಿ ಹೋಗುವ ಕೆಲಸ ಉಳಿಸುವುದಕ್ಕೇ ಅಲ್ಲವೇ ಆ ಬುಟ್ಟಿ ಇರುವುದು. ಮೂಲೆಯಲ್ಲಿ ಬೋರಲು ಹಾಕಿ, ಮೀನಿನ ಮೇಲೆ ಒದ್ದೆ ಗೋಣಿ ಎಳೆದು, ಸೆರಗಿಗೆ ಕೈ ಒರೆಸಿಕೊಂಡು ಹೊರಟಳು.

ಅವಳ ಬೆನ್ನಿಗೇ, ಸೀಗಡಿ ಚಿಕ್ಕಮ್ಮ ಇನ್ನೂ ತಿರುಗಿ ಬರುವ ಮೊದಲೇ, ಬುಗುರಿಯ ಗುಂಪು ಮೀನಿನ ಸಾಲಿಗೆ ಬಂತು. ಹೊಸದಾಗಿ ಮದುವೆಯಾದ ಒಂದು ಜೋಡಿ, ಕುತ್ತಿಗೆಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ, ಬಿಳಿ ಬೂಟು ಹಾಕಿಕೊಂಡ ಒಬ್ಬ ಅಜ್ಜಿ, ಇನ್ನೂ ನಾಲ್ಕಾರು ಮಂದಿ. ನೆಲ ಒದ್ದೆ ಅಂತ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಬುಗುರಿ ಎಂದಿನಂತೆ ಬುಟ್ಟಿ ಎತ್ತಿದಳು. ಹೀಗಿದ್ರೆ ನಾನಿಲ್ಲ. ಹೀಗಿದ್ರೆ ನಾನಿದ್ದೀನಿ.

“ಹಾಗೇ ಇಡಿ ಮೇಡಂ, ಹಾಗೇ,” ಅಂದ ಕ್ಯಾಮೆರಾದವನು. ಮಾಡಿನ ಗಾಜಿನಿಂದ ಬಿಸಿಲಿನ ಪಟ್ಟಿಯೊಂದು ಸರಿಯಾಗಿ ಬುಟ್ಟಿಯ ಮೇಲೆ ಬಿದ್ದಿತ್ತು. “ಒಳಗೆ ಎರಡು ಮೀನು ಹಾಕ್ತೀರಾ? ಖಾಲಿ ಬುಟ್ಟಿ ಬೋಳು ಬೋಳು ಕಾಣುತ್ತೆ.”

ಬುಗುರಿ ಗೋಣಿ ಸರಿಸಿ ಎರಡು ಕೆಂಪು ಮೀನು ತೆಗೆದು ಬುಟ್ಟಿಯೊಳಗೆ ಬಾಲಕ್ಕೆ ತಲೆ ಸೇರಿಸಿ ಮಲಗಿಸಿದಳು. ಅವನು ಬಗ್ಗಿ ತೆಗೆದ, ಕೂತು ತೆಗೆದ. ಅಷ್ಟರಲ್ಲಿ ಮದುಮಗಳು ಜಾರಿದಳು, ಮದುಮಗ ಹಿಡಿದ, ಎಲ್ಲರೂ ನಕ್ಕರು, ಯಾರಿಗೋ ವಾಸನೆಗೆ ಹೊಟ್ಟೆ ತೊಳಸಿತು. ‘ಬನ್ನಿ ಬನ್ನಿ, ಹಣ್ಣಿನ ಸಾಲಿಗೆ’ ಅಂತ ಬುಗುರಿ ಕೈ ಬೀಸುತ್ತ ನಡೆದೇಬಿಟ್ಟಳು.

ಬುಟ್ಟಿ ನೆಟ್ಟಗೇ ಉಳಿಯಿತು. ಆಟ ಮುಗಿದ ಮೇಲೆ ಅದನ್ನು ಸರಿಮಾಡುವುದು ಅವಳ ಕೆಲಸವಾಗಿರಲೇ ಇಲ್ಲ. ದಿನಾ ಸರಿಮಾಡುತ್ತಿದ್ದವಳು ಅಕ್ಕ. ಆ ಅಕ್ಕ ಇವತ್ತು ಹಲಗೆಯ ಹಿಂದೆ ಇಲ್ಲ ಅನ್ನುವುದನ್ನು, ಇಲ್ಲ ಎಂದು ಸಾರುವ ಬುಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು, ಮೀನಿನ ಸಾಲಿನಲ್ಲಿ ಹುಟ್ಟಿ ಬೆಳೆದವಳು ಮರೆತಳು. ಹೊರಗಿನವರು ಈ ತಪ್ಪು ಮಾಡಲಾರರು. ಅವರಿಗೆ ಬುಟ್ಟಿ ಮುಟ್ಟುವ ಧೈರ್ಯವೇ ಇರುವುದಿಲ್ಲ.

ಹಣ್ಣಿನ ಸಾಲಿನಲ್ಲಿ ಗುಂಪು ಹೋಳು ತಿನ್ನುತ್ತಿತ್ತು. ಬುಗುರಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು. ಆಗ ಎದುರಿನ ಓಣಿಯಲ್ಲಿ ಕೈಗಾಡಿಯೊಂದು ಗಡಗಡ ಹೋಯಿತು. ತಳ್ಳುತ್ತಿದ್ದವನು ಗಡಿಯಾರದಣ್ಣ. ಗಾಡಿಯ ಮೇಲೆ ಗಾಜಿನಂಗಡಿಯ ನೀಲಿ ಡಬ್ಬಗಳು.

ಅವಳು ಅದನ್ನು ನೋಡಿದಳು. ಇನ್ನೊಮ್ಮೆ ನೋಡಿದಳು. ಬೆರಳಿಗೆ ಬುಟ್ಟಿಯ ಅಂಚು ಈಗಷ್ಟೇ ತಾಗಿದಂತೆ ನೆನಪಾಯಿತು. ಯಾವ ಕಡೆ ಇಟ್ಟೆ? ಯಾವ ಕಡೆ?

ಓಡಿದಳು. ಗುಂಪೂ ಓಡಿತು. ಅವರೇನು ಬಲ್ಲರು, ನಡಿಗೆಯಲ್ಲಿ ಇದೂ ಒಂದು ಭಾಗ ಅಂದುಕೊಂಡರು.

ಸೀಗಡಿ ಚಿಕ್ಕಮ್ಮ ತನ್ನ ಜಾಗದಲ್ಲಿ ಕೂತು ಸೀಗಡಿಯ ತಲೆ ಕೀಳುತ್ತಿದ್ದಳು. “ನಿಮ್ಮಕ್ಕ ಎಲ್ಲೇ? ಟೀ ಕುಡಿಯೋಕೆ ಹೋದೋಳು ಎಲೆ ಕೀಳೋಕೆ ತೋಟಕ್ಕೇ ಹೋದಳಾ?”

“ಗಡಿಯಾರದಣ್ಣ ಬಂದಿದ್ನಾ?”

“ಬಂದಿದ್ದ. ನಿಂತ. ಕೂಗಿದ. ಇಲ್ಲೇ ಟೀಗೆ ಹೋಗಿರ್ಬೇಕಣ್ಣ, ಈಗ ಬರ್ತಾಳೆ ಅಂದೆ. ಎಷ್ಟು ಹೊತ್ತು ಅಂತ ನಿಲ್ತಾನೆ ಪಾಪ.”

“ನೀನೇ ತೂಗಿ ಕೊಡಬಾರದಿತ್ತಾ ಚಿಕ್ಕಮ್ಮ?”

ಚಿಕ್ಕಮ್ಮನ ಕೈ ನಿಂತಿತು. “ನೆಟ್ಟಗಿರೋ ಬುಟ್ಟಿ ಇದ್ದ ಹಲಗೆಗೆ ಕೈ ಹಾಕು ಅಂತೀಯಾ? ಯಾರ ಮಗಳೇ ನೀನು?” ಎದ್ದು ಬಂದು ಬುಟ್ಟಿಯೊಳಗೆ ಇಣುಕಿದಳು. ಎರಡು ಕೆಂಪು ಮೀನು ಬಾಲಕ್ಕೆ ತಲೆ ಸೇರಿಸಿ ಮಲಗಿದ್ದವು. “ಇವನ್ನ ಹೀಗೆ ಜೋಗುಳ ಹಾಡಿ ಮಲಗಿಸಿದ್ದು ಯಾರು?”

ಕ್ಯಾಮೆರಾದವನು ತನ್ನ ಬೂಟು ನೋಡಿಕೊಂಡ.

ಚಿಕ್ಕಮ್ಮನಿಗೆ ಅರ್ಥವಾಯಿತು. “ನಿಮ್ಮಕ್ಕ ಬೋರಲು ಹಾಕಿ ಹೋಗಿದ್ಲಾ?” ಅಂತ ಮೆಲ್ಲಗೆ ಕೇಳಿದಳು. ಆಮೇಲೆ ಇನ್ನೂ ಮೆಲ್ಲಗೆ, “ಅಯ್ಯೋ ನಿನ್ನ,” ಅಂದಳು. ಮುಂದಿನ ಮಾತು ನುಂಗಿದಳು.

ಬೈದಿದ್ದರೆ ಚೆನ್ನಾಗಿತ್ತು. ಬುಗುರಿ ಅದೇ ಬುಟ್ಟಿಗೆ ಮಂಜುಗಡ್ಡೆ ಸುರಿದಳು, ಹಲಗೆಯ ಮೇಲಿನ ಮೀನು ತುಂಬಿದಳು, ಮೇಲೆ ಗೋಣಿ ಹೊದಿಸಿದಳು. ಸಿಂಬಿ ಸುತ್ತಿ ತಲೆಗಿಟ್ಟು “ಒಂದು ಕೈ ಕೊಡು ಚಿಕ್ಕಮ್ಮ, ಕ್ಯಾಂಟೀನಿಗೇ ಒಯ್ತೀನಿ,” ಅಂದಳು. ಬುಟ್ಟಿ ತಲೆಗೇರಿತು. ಮಂಜಿನ ನೀರು ಕತ್ತಿನ ಹಿಂದಿನಿಂದ ಬೆನ್ನಿಗಿಳಿಯಿತು.

“ಇದೂ ನಮ್ಮ ನಡಿಗೇಲಿ ಸೇರಿದೆಯಾ?” ಅಂತ ಮದುಮಗ ಕೇಳಿದ.

“ಇಲ್ಲ. ನೀವು ಟೀ ಅಂಗಡೀಲಿ ಕೂತಿರಿ.”

“ಸೇರಿಲ್ಲದಿದ್ರೂ ಬರ್ತೀವಮ್ಮ,” ಅಂದಳು ಬಿಳಿ ಬೂಟಿನ ಅಜ್ಜಿ. “ಟೀ ನಮ್ಮೂರಲ್ಲೂ ಸಿಗುತ್ತೆ.”

ಹಿಂಬಾಗಿಲಿನಿಂದ ಹೊರಟರು. ಅದು ಯಾವ ಗುಂಪಿಗೂ ತೋರಿಸದ ಬಾಗಿಲು. ಕೊಳೆತ ಕೋಸಿನ ಎಲೆ, ಒಡೆದ ಪೆಟ್ಟಿಗೆ, ಆಯ್ದು ತಿನ್ನುವವರು. ಒಬ್ಬ ಮುದುಕಿ ಬಿಸಾಡಿದ ಹಣ್ಣಿನ ಕೊಳೆತ ಭಾಗ ಕೆತ್ತಿ ಒಳ್ಳೆಯ ಭಾಗವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಹಣ್ಣಿನ ಸಾಲಿನಲ್ಲಿ ಹೋಳು ರುಚಿ ನೋಡಿ ಸಿಪ್ಪೆ ಎಸೆದವರು ಅವಳನ್ನು ಸುತ್ತುಹಾಕಿ ಹೋದರು. ಮಾರುಕಟ್ಟೆ ಅಂದರೆ ಇದೂ ಹೌದು. ಆದರೆ ಇದಕ್ಕೆ ಬಿಸಿಲಿನ ಪಟ್ಟಿ ಬೀಳುವುದಿಲ್ಲ.

ದರ್ಜಿಗಳ ಗಲ್ಲಿಯಲ್ಲಿ ಹೊಲಿಗೆ ಯಂತ್ರಗಳು ನಿಂತವು. “ಏನು ಬುಗುರಿ, ಯಾರದು ಮೆರವಣಿಗೆ?” ಅಂತ ಒಬ್ಬ ಕೂಗಿದ.

“ನನ್ನ ಮರ್ಯಾದೇದು. ಮಣ್ಣು ಮಾಡೋಕೆ ಹೊರಟಿದೀವಿ.”

ನಗು ಹಿಂದೆ ಉಳಿಯಿತು. ಬುಟ್ಟಿಯ ಭಾರಕ್ಕೆ ಕುತ್ತಿಗೆ ಸೆಟೆದಿತ್ತು. ಎಂದೂ ನಡೆಯುವುದಕ್ಕೆ ಬೇಸರಿಸದವಳಿಗೆ ಆವತ್ತು ಗಲ್ಲಿ ಮುಗಿಯಲೊಲ್ಲದು ಅನ್ನಿಸಿತು.

ಕ್ಯಾಂಟೀನಿನ ಅಡಿಗೆಮನೆ ಆಸ್ಪತ್ರೆಯ ಹಿತ್ತಲಲ್ಲಿದೆ. ಹೊಗೆ ಹಿಡಿದ ಗೋಡೆ, ತೊಟ್ಟಿಲಿನಷ್ಟು ದೊಡ್ಡ ಪಾತ್ರೆಗಳು, ಕಿಟಕಿಗೆ ಕಟ್ಟಿದ ಒದ್ದೆ ಬಟ್ಟೆ. ಗಡಿಯಾರದಣ್ಣ ನೀಲಿ ಡಬ್ಬ ಬಿಚ್ಚಿ ಮೀನು ತೊಳೆಯುತ್ತಿದ್ದ. ಬುಗುರಿ ಮೊದಲು ನೋಡಿದ್ದು ಆ ಮೀನನ್ನು. ಕಣ್ಣು ತಿಳಿಯಾಗಿತ್ತು, ಕಿವಿರು ಕೆಂಪಗಿತ್ತು. ಒಳ್ಳೆಯ ಮೀನು. ಹಾಳಾಗಿದ್ದರೆ ಬಾಯಿ ಮಾಡಬಹುದಿತ್ತು; ಅದಕ್ಕೂ ದಾರಿಯಿರಲಿಲ್ಲ.

“ಅಣ್ಣ, ಮೀನು ತಂದಿದೀನಿ,” ಅಂದಳು.

“ಬಂತಲ್ಲ ಮೀನು,” ಅಂದ ಅವನು, ತಲೆ ಎತ್ತದೆ. “ನಿಮ್ಮ ಹಲಗೆ ಮುಂದೆ ನಿಂತಿದ್ದೆ. ಕೂಗಿದೆ. ಒಳಗೆ ಮಲಗಿರೋರು ನಿಮ್ಮ ಟೀ ಮುಗೀಲಿ ಅಂತ ಹಸಿವು ಹಿಡ್ಕೊಂಡು ಕೂರಲ್ಲಮ್ಮ.” ಆಗ ಬಾಗಿಲಲ್ಲಿ ಗುಂಪು ಕಂಡಿತು. “ಇವರೆಲ್ಲ ಯಾರು? ರೋಗಿಗಳ ಕಡೆಯವರಾ?”

“ಮಾರ್ಕೆಟ್ ನೋಡೋಕೆ ಬಂದವ್ರಣ್ಣ.”

“ಇದು ಮಾರ್ಕೆಟ್ಟಾ?”

ಕ್ಯಾಮೆರಾದವನ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಗಡಿಯಾರದಣ್ಣ ಒದ್ದೆ ಕೈಯನ್ನು ಅದರ ಮುಂದೆ ಹಿಡಿದ. “ನಾನು ಬೇಯಿಸೋದು ಹೊಟ್ಟೆ ಕೊಯ್ಸ್ಕೊಂಡು ಮಲಗಿರೋರಿಗೆ ಸ್ವಾಮಿ. ಅವರ ಫೋಟೋನೂ ಬೇಕಾ ನಿಮಗೆ?”

ಕ್ಯಾಮೆರಾ ಕೆಳಗಿಳಿಯಿತು.

“ತಪ್ಪು ಅಕ್ಕಂದಲ್ಲ,” ಅಂದಳು ಬುಗುರಿ. ಬುಟ್ಟಿ ಇನ್ನೂ ತಲೆಯ ಮೇಲೇ ಇತ್ತು. ಇಳಿಸು ಅಂತ ಅವನು ಅನ್ನಲಿಲ್ಲ, ಇವಳೂ ಕೇಳಲಿಲ್ಲ. “ಭಾವನ ಕಣ್ಣು ತೋರಿಸೋಕೆ ಇದೇ ಆಸ್ಪತ್ರೆಗೆ ಬಂದಿದಾಳೆ ಅವಳು. ಬೋರಲು ಹಾಕೇ ಬಂದಿದ್ಲು. ಇವರಿಗೆ ತೋರಿಸೋಕೆ ಅಂತ ತಿರುಗಿಸ್ದೋಳು ನಾನು. ಹಾಗೇ ಬಿಟ್ಟು ಹೋದೋಳೂ ನಾನೇ.”

ಅವನು ಕೈಯೊರೆಸಿಕೊಂಡು ಅವಳನ್ನೇ ನೋಡಿದ. ಕೋಪ ಇಳಿದ ಹಾಗೆ ಕಾಣಲಿಲ್ಲ. ಅಕ್ಕನನ್ನು ಬಿಟ್ಟು ಇವಳ ಕಡೆಗೆ ತಿರುಗಿದ ಹಾಗೆ ಕಂಡಿತು.

“ನಿಮ್ಮಪ್ಪನ ಕಾಲದಿಂದ ಬರ್ತಿದೀನಿ. ಬುಟ್ಟಿ ಬೋರಲಿದ್ರೂ ಚಿಂತೆಯಿಲ್ಲ, ಯಾರಾದ್ರೂ ಕೊಡ್ತಾರೆ ಅಂತ ಬರ್ತಿದ್ದೆ. ನಿಮ್ಮ ಸಾಲಿನ ಗುರುತು ನಿಮಗೇ ಆಟದ ಸಾಮಾನಾದ್ರೆ ನಾನು ಯಾವುದನ್ನ ನೋಡಿ ನಂಬ್ಲಿ?”

“ನಾಳೆ ಬರ್ತೀರಾ?”

“ಬಂದು ನೋಡ್ತೀನಿ. ಮನುಷ್ಯರಿದ್ರೆ ಮಾತು. ಬುಟ್ಟಿ ಜೊತೆ ಇನ್ನು ನಾನು ಮಾತಾಡಲ್ಲ.” ಮತ್ತೆ ಮೀನಿನ ಕಡೆ ತಿರುಗಿದ.

ಹೊರಗೆ ಬಂದಾಗ ಕ್ಯಾಮೆರಾದವನು ಪಕ್ಕಕ್ಕೆ ಬಂದು ಗಂಟಲು ಸರಿಮಾಡಿಕೊಂಡ. “ಬೇಜಾರು ಮಾಡ್ಕೋಬೇಡಿ ಮೇಡಂ. ಅಷ್ಟೂ ಮೀನು ನಾನೇ ತಗೋತೀನಿ.”

“ತಗೊಂಡು?”

“ಅಂದ್ರೆ?”

“ಹೋಟೆಲ್ ರೂಮಲ್ಲಿ ಒಲೆ ಇದೆಯಾ? ಇಲ್ಲ ಸ್ನಾನದ ತೊಟ್ಟೀಲಿ ಈಜೋಕೆ ಬಿಡ್ತೀರಾ?”

ಅವನ ಮುಖ ಸಣ್ಣದಾಯಿತು. ಕೆಟ್ಟ ಮನುಷ್ಯನಲ್ಲ. ಅವನ ಹಾಗಿನವರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಕೊಂಡು ಕಸಕ್ಕೆ ಸುರಿಯುವ ಮೀನಿನಿಂದ ಅವನ ಮನಸ್ಸು ಹಗುರಾಗುತ್ತಿತ್ತು. ಅಕ್ಕನ ಹಲಗೆಗೆ ಗಿರಾಕಿ ವಾಪಸು ಬರುತ್ತಿರಲಿಲ್ಲ. ತಿನ್ನುವವರಿಗೆ ಮಾರಿದರೆ ಮಾತ್ರ ಅದು ವ್ಯಾಪಾರ. ಉಳಿದದ್ದು ಭಿಕ್ಷೆ, ಎಷ್ಟೇ ಮೃದುವಾಗಿ ಕೊಟ್ಟರೂ.

ಆಸ್ಪತ್ರೆಯ ಹಿಂದೆ ನರ್ಸುಗಳ ಮನೆಗಳ ಸಾಲು. ಬುಗುರಿ ಮೊದಲ ಬಾಗಿಲಿನ ಮುಂದೆ ನಿಂತು ಕೂಗಿದಳು. ಗುಂಪಿನ ಮುಂದೆ ಸೊಗಸಾಗಿ ಏರಿಳಿಯುತ್ತಿದ್ದ ಗಂಟಲು ಮೀನು ಅನ್ನುವ ಒಂದು ಮಾತಿಗೆ ಒಡೆಯಿತು. ಆಗ ಹಿಂದಿನಿಂದ ಬಿಳಿ ಬೂಟಿನ ಅಜ್ಜಿ “ಮೀನು ಬೇಕೇನ್ರಮ್ಮಾ, ಮೀನು,” ಅಂತ ಕೂಗಿದಳು. ಎಲ್ಲರೂ ತಿರುಗಿ ನೋಡಿದರು. “ಏನು ನೋಡ್ತೀರಿ? ನಾನು ಟೀಚರಾಗಿದ್ದೋಳು. ಕೂಗೋದು ಗೊತ್ತು,” ಅಂದಳು ಅಜ್ಜಿ.

ಒಂದು ಬಾಗಿಲು ತೆರೆಯಿತು. ಪಾಳಿ ಮುಗಿಸಿ ಬಂದ ನರ್ಸೊಬ್ಬಳು ನಿದ್ದೆಗಣ್ಣಲ್ಲಿ ಪಾತ್ರೆ ತಂದಳು. ಇನ್ನೊಂದು ಬಾಗಿಲು ತೆರೆಯಲಿಲ್ಲ. ಮತ್ತೊಂದರಲ್ಲಿ ಚೌಕಾಶಿ ನಡೆದು ಕೊನೆಗೆ ಸಣ್ಣ ಮೀನಷ್ಟೇ ಹೋಯಿತು. ಬಿಸಿಲೇರಿತು, ಗುಂಪು ಕರಗಿತು. ಮದುಮಕ್ಕಳು ರಿಕ್ಷಾ ಹಿಡಿದರು. ಕ್ಯಾಮೆರಾದವನು ಯಾವಾಗ ಹೋದನೋ ಗೊತ್ತಾಗಲಿಲ್ಲ. ಅಜ್ಜಿ ಮಾತ್ರ ಬೂಟಿನ ಬಿಳಿ ಬಣ್ಣ ಅಳಿಯುವ ತನಕ ಬಂದು, ಒಂದು ಮೆಟ್ಟಿಲ ಮೇಲೆ ಕೂತು, “ಇನ್ನು ನನ್ನಿಂದಾಗಲ್ಲ ಕಣಮ್ಮ, ನೀನು ನಡಿ,” ಅಂದಳು.

ಬುಗುರಿ ಹಿಂದಿರುಗುವಾಗ ಬುಟ್ಟಿಯಲ್ಲಿ ಅರ್ಧದಷ್ಟು ಮೀನು ಉಳಿದಿತ್ತು. ಮಂಜುಗಡ್ಡೆ ಪೂರಾ ನೀರಾಗಿತ್ತು.

ಅಕ್ಕ ಬಂದು ಕೂತಿದ್ದಳು. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಭಾವ. ಸೀಗಡಿ ಚಿಕ್ಕಮ್ಮ ಎಲ್ಲ ಹೇಳಿಯಾಗಿತ್ತು.

“ಬಾ ಬುಗುರಿ,” ಅಂದ ಭಾವ. “ಹೊಸ ಕಣ್ಣಿಗೆ ಮೊದಲು ಕಂಡಿದ್ದು ಖಾಲಿ ಹಲಗೆ. ಡಾಕ್ಟ್ರು ದುಡ್ಡು ವಾಪಸ್ ಕೊಡ್ತಾರಾ ಕೇಳ್ಬೇಕು.”

ಅಕ್ಕ ಬುಟ್ಟಿ ಇಳಿಸಿಕೊಂಡು ಉಳಿದ ಮೀನನ್ನು ಒಂದೊಂದಾಗಿ ಹಲಗೆಗೆ ಹಾಕಿದಳು. ಮೆತ್ತಗಾದದ್ದನ್ನು ಬೇರೆ ಇಟ್ಟಳು. ಆಮೇಲೆ ಬುಟ್ಟಿ ತೊಳೆದಳು, ಒಳಗೆ, ಹೊರಗೆ, ಅಂಚಿನ ಸಂದಿಯಲ್ಲಿ.

“ಮೊದಲನೇ ದಿನಾನೇ ನಾನು ಬುಟ್ಟಿ ಮುಟ್ಟಬೇಡ ಅನ್ಬೇಕಿತ್ತು,” ಅಂದಳು ಕೊನೆಗೆ. “ನೀನು ಒಂದು ಕಡೆ ನಿಂತ್ಕೊಂಡು ನಗ್ತಾ ಇದ್ದೆ. ಎಷ್ಟು ವರ್ಷ ಆಗಿತ್ತು ನಿನ್ನ ಹಾಗೆ ನೋಡಿ. ಅದಕ್ಕೇ ಸುಮ್ಮನಿದ್ದೆ.”

ಬುಗುರಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಕಾಲು ಆಗಲೇ ಅತ್ತ ತಿರುಗಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೇನೇಜರು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಕಿವಿಗಿಟ್ಟಳು.

“ಏನು ಮೇಡಂ, ಏನ್ಮಾಡಿದ್ರಿ ಇವತ್ತು? ಎಲ್ಲರೂ ಹೊಗಳ್ತಿದಾರೆ. ತಲೆ ಮೇಲೆ ಬುಟ್ಟಿ, ಆಸ್ಪತ್ರೆ ಹಿಂದಿನ ಗಲ್ಲಿ, ಆ ಅಡಿಗೆಯವನ ಸಿಟ್ಟು. ಇಷ್ಟು ನಿಜವಾದ ಅನುಭವ ಎಲ್ಲೂ ಸಿಕ್ಕಿಲ್ಲ ಅಂತ ಬರೆದಿದಾರೆ. ಇದನ್ನ ದಿನಾ ಇಟ್ಕೊಳ್ಳೋಣ. ಆ ಅಡಿಗೆಯವನು ದಿನಾ ಹಾಗೇ ಬೈತಾನಾ, ಸ್ವಲ್ಪ ಮಾತಾಡಿ ನೋಡಿ.”

ಮುಳುಗುವವನನ್ನು ನೋಡಿ ಈಜು ಚೆನ್ನಾಗಿತ್ತು, ನಾಳೆಯೂ ಮುಳುಗು ಅನ್ನುವ ಜನ. ಇವರಿಗೆ ಇನ್ನೊಬ್ಬರ ದುಡಿಮೆ ರುಚಿಸಿ ಸಾಕಾಗಿದೆ. ಈಗ ನೋವಿನ ಹೋಳು ಬೇಕು.

“ನಾಳೆ ನಾನು ಬರಲ್ಲ,” ಅಂದಳು ಬುಗುರಿ.

“ನಾಡಿದ್ದು?”

“ಬೆಳಗಿನ ಗುಂಪು ಬೇಡ ನನಗೆ. ಮಧ್ಯಾಹ್ನದ್ದು ಕೊಡಿ. ಹಣ್ಣು, ಪಾತ್ರೆ, ಬಟ್ಟೆ ಸುತ್ತಿಸ್ತೀನಿ. ಮೀನಿನ ಸಾಲು ಬಿಟ್ಟು.”

“ಮೀನಿನ ಸಾಲಿಲ್ಲದ ಮಾರ್ಕೆಟ್ ಯಾರಿಗೆ ಬೇಕು ಮೇಡಂ?”

“ಮೀನು ಬೇಕಾದೋರು ಚೀಲ ತರ್ಲಿ,” ಅಂದಳು. ನೋಡೋಣ ಅಂತ ಕೂಡ ಅನ್ನದೆ ಅವನು ಫೋನು ಇಟ್ಟುಬಿಟ್ಟ.

ಅಕ್ಕ ಅವಳ ಮುಖ ನೋಡಿದಳು. “ಹೊಟ್ಟೆಪಾಡು ಬಿಟ್ಟು ಬರೋಕೆ ನಾನು ಹೇಳಲಿಲ್ಲ.”

“ನೀನು ಹೇಳ್ದಾಗ ನಾನು ಕೇಳಲಿಲ್ಲ. ಈಗ ಯಾಕೆ ಹೇಳ್ತೀಯ?” ಅಂದಳು ಬುಗುರಿ. “ಭಾವನ ಕಣ್ಣಿಗೆ ಬೆಳಗ್ಗೆ ಔಷಧಿ ಬಿಡ್ಬೇಕಲ್ಲ. ನೀನು ಬಿಟ್ಟು ಬಾ. ಅಲ್ಲೀತನಕ ನಾನು ಕೂತಿರ್ತೀನಿ.”

“ನೀನು,” ಅಂದಳು ಅಕ್ಕ. “ಕೂತಿರ್ತೀಯ.” ಅದು ಪ್ರಶ್ನೆಯೂ ಆಗಿರಲಿಲ್ಲ, ನಂಬಿಕೆಯೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಹಲಗೆಯ ಹಿಂದೆ ಬುಗುರಿ ಇದ್ದಳು. ಬುಟ್ಟಿ ನೆಟ್ಟಗಿತ್ತು, ಇದ್ದೀನಿ ಅಂತ ಅದು ಹೇಳುತ್ತಿದ್ದದ್ದು ನಿಜವಾಗಿತ್ತು. ಹಲಗೆಯ ಕೆಳಗೆ ಅವಳ ಬಲಗಾಲು ಹೊಲಿಗೆ ಯಂತ್ರ ತುಳಿಯುವಂತೆ ಕುಣಿಯುತ್ತಿತ್ತು. ತರಕಾರಿ ಸಾಲಿನಲ್ಲಿ ಏನೋ ಜಗಳ ಕೇಳಿಸಿತು, ಹೋಗಿ ನೋಡಲಿಲ್ಲ. ಯಾರದೋ ಪೆಟ್ಟಿಗೆ ಉರುಳಿದ ಸದ್ದಾಯಿತು. ಎದ್ದವಳು ಮತ್ತೆ ಕೂತಳು.

ನಡಿಗೆಯ ಗುಂಪೊಂದು ಬಂತು, ಹೊಸ ಹುಡುಗಿಯೊಬ್ಬಳು ಮುಂದೆ. ಬುಗುರಿಯ ಮಾತುಗಳನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು ಪಾಪ. ಬುಟ್ಟಿಯ ಕಡೆ ಕೈ ಚಾಚಿದಳು.

“ಬೇಡಮ್ಮ,” ಅಂದಳು ಬುಗುರಿ. “ಅದು ಕೆಲಸದಲ್ಲಿದೆ.”

ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. ಗುಂಪು ಸ್ವಲ್ಪ ಹೊತ್ತು ನಿಂತು, ನೋಡುವುದೇನೂ ಇಲ್ಲವೆಂದು ಮುಂದೆ ಹೋಯಿತು. ಅವರು ಹೋದ ಜಾಗದಲ್ಲಿ ಕೈಗಾಡಿ ನಿಂತಿತ್ತು.

ಗಡಿಯಾರದಣ್ಣ ಹಲಗೆ ನೋಡಿದ, ಬುಟ್ಟಿ ನೋಡಿದ, ಬುಗುರಿಯನ್ನು ನೋಡಿದ. ಗಾಡಿಯ ಮೇಲೆ ಆಗಲೇ ಒಂದು ನೀಲಿ ಡಬ್ಬವಿತ್ತು. ಅವಳು ಅದನ್ನು ನೋಡಿಯೂ ನೋಡದ ಹಾಗಿದ್ದಳು.

“ಅರ್ಧ ಹಾಕು,” ಅಂದ.

“ಉಳಿದರ್ಧ?”

“ಉಳಿದರ್ಧಕ್ಕೆ ಅವರಿಗೆ ಮಾತು ಕೊಟ್ಟೆ. ನೀನು ಇನ್ನೂ ಎಷ್ಟು ದಿನ ಕೂರ್ತೀಯೋ ಯಾರಿಗೆ ಗೊತ್ತು.”

ಅವಳು ತೂಗಿದಳು, ಹುರುಪೆ ಕೆರೆದಳು, ಹೆಚ್ಚಿದಳು. ಅಭ್ಯಾಸ ತಪ್ಪಿದ ಕೈ; ಒಂದೆರಡು ತುಂಡು ಸೊಟ್ಟಗಾದವು. ಅವನು ಅವನ್ನೂ ಗಾಡಿಗಿಟ್ಟುಕೊಂಡು ಹೋದ. ಗಾಲಿಯ ಗಡಗಡ ಸಾಲಿನ ತುದಿ ದಾಟುವವರೆಗೂ ಅವಳು ಕತ್ತಿ ಹಿಡಿದೇ ಕೂತಿದ್ದಳು. ಆಮೇಲೆ ಕಾಲು ಮತ್ತೆ ಶುರುವಾಯಿತು.

“ಏ ಬುಗುರಿ,” ಅಂದಳು ಪಕ್ಕದ ಸೀಗಡಿ ಚಿಕ್ಕಮ್ಮ, “ನಿನ್ನ ಕಾಲಿಗೆ ನನ್ನ ಹಲಗೇನೂ ಅಲ್ಲಾಡ್ತಿದೆ. ಸತ್ತ ಸೀಗಡಿಗೆ ಜೀವ ಬಂದು ಓಡಿಹೋದ್ರೆ ನೀನೇ ಹಿಡ್ಕೊಡ್ಬೇಕು ನೋಡು.”

“ಅಕ್ಕ ಬಂದಮೇಲೆ ಓಡೋಕೆ ಹೇಳು ಚಿಕ್ಕಮ್ಮ,” ಅಂದಳು ಬುಗುರಿ, ಬಾಗಿಲ ಕಡೆ ನೋಡುತ್ತ. “ಈಗ ಎದ್ದು ಹೋಗೋ ಹಾಗಿಲ್ಲ.”